ತೋಟದ ಕಸದಲ್ಲಿ ಅಡಗಿರುವ ಅಗ್ನಿ

ಕಾಸರಗೋಡಿನ ನಮ್ಮ ಕೃಷಿಕ ಕುಟುಂಬಗಳಿಗೆ ತೋಟದ ಕಸವು ನಿತ್ಯಪರಿಚಿತವಾದ ವಸ್ತು. ಒಂದು ತೆಂಗಿನ ಮರವೇ ವರ್ಷಕ್ಕೆ ಸುಮಾರು 12 ಮಡಲುಗಳನ್ನು ಉದುರಿಸುತ್ತದೆ. ಅದರೊಡನೆ ಅಡಿಕೆಯ ಸೋಗೆ, ಹಾಳೆ, ಸಿಪ್ಪೆ, ಬಾಳೆಯ ದಿಂಡು, ಅಂಗಳದ ತರಗೆಲೆ, ಕತ್ತರಿಸಿದ ಬೇಲಿಯ ಸೊಪ್ಪು. ಇವೆಲ್ಲವನ್ನೂ ರಾಶಿ ಹಾಕಿ ಬೆಂಕಿಯಿಡುವುದು ಸುಲಭ. ಆದರೆ ಹಾಗೆ ಸುಟ್ಟಾಗ ನಾವು ಕಳೆದುಕೊಳ್ಳುವುದು ಏನೆಂಬುದನ್ನು ವಿಚಾರ ಮಾಡಬೇಕು.

ಎಲೆಯು ಬಿಸಿಲಿನ ಬಲದಿಂದ ಗಾಳಿಯ ಇಂಗಾಲಾಮ್ಲವನ್ನೂ ನೀರನ್ನೂ ಕೂಡಿಸಿ ಗಿಡದ ಒಡಲನ್ನು ಕಟ್ಟುತ್ತದೆ. ಆದುದರಿಂದ ಕಸವೆಂದರೆ ಕೂಡಿಟ್ಟ ಬಿಸಿಲು. ಗಿಡಗಳು ಮರಳಿ ಚಿಗುರುತ್ತಿರುವಷ್ಟು ಕಾಲ ಈ ಶಕ್ತಿ ಬತ್ತುವುದಿಲ್ಲ. ಅದನ್ನು ಪಡೆಯುವ ಮುಖ್ಯ ಮಾರ್ಗಗಳು ಎರಡು.

ಮೊದಲನೆಯದು ಮೆತ್ತನೆಯ ಹಸಿ ಕಸಕ್ಕೆ ಸಲ್ಲುವಂಥದು. ಮದಕದ ಕೆಸರಿನಿಂದ ಗುಳ್ಳೆಗಳೇಳುವುದನ್ನು ಮಕ್ಕಳೂ ಕಂಡಿರುತ್ತಾರೆ. ಇಟಲಿಯ ವಿಜ್ಞಾನಿ ವೋಲ್ಟಾ 1776ರಲ್ಲಿ ಸರೋವರವೊಂದರಲ್ಲಿ ಇಂತಹ ಗುಳ್ಳೆಗಳನ್ನು ಸಂಗ್ರಹಿಸಿ ಪರೀಕ್ಷಿಸಿದನು. ಅದೇ ಮೀಥೇನ್. ಗಾಳಿ ಸೋಕದ ಸ್ಥಳದಲ್ಲಿ ಸೂಕ್ಷ್ಮಜೀವಿಗಳು ಕಸವನ್ನು ಕೊಳೆಯಿಸಿದಾಗ ಇದು ಹುಟ್ಟುತ್ತದೆ. ಗೋಬರ್ ಗ್ಯಾಸ್ ಸ್ಥಾವರದ ತತ್ತ್ವವೂ ಇದೇ. ಅದರ ಒಂದು ಘನ ಮೀಟರ್ ಅನಿಲವು ಸುಮಾರು 450 ಗ್ರಾಂ ಅಡುಗೆ ಅನಿಲಕ್ಕೆ ಸಮ. ಸೊಪ್ಪನ್ನು ಇಡಿಯಾಗಿ ತುಂಬಿದರೆ ಅದು ತೇಲಿ ಮೇಲೆ ಹೆಪ್ಪುಗಟ್ಟುತ್ತದೆ. ಸಣ್ಣಗೆ ಕೊಚ್ಚಿ, ಸೆಗಣಿಯ ನೀರಿನಲ್ಲಿ ಕಲಸಿ, ಸ್ವಲ್ಪ ಸ್ವಲ್ಪವಾಗಿ ಹಾಕಬೇಕು. ಎಲೆಗಳಿಗೆಂದೇ ತಕ್ಕ ಸ್ಥಾವರಗಳನ್ನು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯು ರೂಪಿಸಿದೆ. ಹಟ್ಟಿಯಲ್ಲಿ ದನಗಳು ಕಡಿಮೆಯಾದ ಮನೆಗಳಿಗೆ ಇದು ಗಮನಾರ್ಹ.

ಎರಡನೆಯದು ಗೆರಟೆ, ಕೊತ್ತಳಿಗೆ, ರೆಂಬೆಗಳಂತಹ ಗಟ್ಟಿ ಕಸಕ್ಕೆ. ಇವುಗಳಲ್ಲಿರುವ ಲಿಗ್ನಿನ್ ಎಂಬ ಅಂಶವನ್ನು ಗಾಳಿಯಿಲ್ಲದ ತೊಟ್ಟಿಯ ಜೀವಿಗಳು ಅರಗಿಸಲಾರವು. ಇವನ್ನು ಒಣಗಿಸಿ, ಮುಚ್ಚಿದ ಕುಲುಮೆಯಲ್ಲಿ ಮಿತವಾದ ಗಾಳಿಯೊಡನೆ ಕಾಯಿಸಿದರೆ ಯಂತ್ರವನ್ನು ಓಡಿಸಬಲ್ಲ ಅನಿಲ ಬರುತ್ತದೆ. ತುಮಕೂರು ಜಿಲ್ಲೆಯ ಹೊಸಹಳ್ಳಿಯಲ್ಲಿ ಅದೇ ಸಂಸ್ಥೆಯವರು 1988ರಲ್ಲಿ ಈ ಕ್ರಮದಿಂದ ವಿದ್ಯುತ್ತನ್ನು ಉತ್ಪಾದಿಸಿ ಮನೆಗಳಿಗೆ ಬೆಳಕು ನೀಡಿದರು. ಒಂದು ಯೂನಿಟ್ ವಿದ್ಯುತ್ತಿಗೆ ಒಂದರಿಂದ ಒಂದೂವರೆ ಕಿಲೋ ಒಣ ಸೌದೆ ಬೇಕಾಗುತ್ತದೆ. ಆದರೆ ಈ ಅನಿಲದಲ್ಲಿ ವಿಷಕಾರಿಯಾದ ಕಾರ್ಬನ್ ಮೊನಾಕ್ಸೈಡ್ ಇರುವುದರಿಂದ ತಿಳಿದವರ ನೆರವಿಲ್ಲದೆ ಕೈಹಾಕಬಾರದು.

ಇಲ್ಲಿ ಮುಖ್ಯವಾದ ಪಾಠವೊಂದಿದೆ. ಗೋಬರ್ ಗ್ಯಾಸಿನಲ್ಲಿ ಹೊರಟುಹೋಗುವುದು ಬಹುಮಟ್ಟಿಗೆ ಇಂಗಾಲ ಮತ್ತು ಜಲಜನಕ. ಸಾರಜನಕ, ರಂಜಕ, ಪೊಟ್ಯಾಷ್ ಬಗ್ಗಡದಲ್ಲಿಯೇ ಉಳಿಯುತ್ತವೆ. ಸುಟ್ಟರೆ ಸಾರಜನಕವು ಬಹುಪಾಲು ಹೊಗೆಯಾಗಿ ಹೋಗಿ, ಬೂದಿ ಮಾತ್ರ ಉಳಿಯುತ್ತದೆ. ಆದುದರಿಂದ ಮೆತ್ತನೆಯದನ್ನು ತೊಟ್ಟಿಗೆ, ಗಟ್ಟಿಯದನ್ನು ಒಲೆಗೆ ಅಥವಾ ಕುಲುಮೆಗೆ, ಬಗ್ಗಡವನ್ನೂ ಬೂದಿಯನ್ನೂ ಮರದ ಬುಡಕ್ಕೆ ಸಲ್ಲಿಸಬೇಕು. ತರಗೆಲೆಯ ಒಂದು ಪಾಲನ್ನು ಬುಡಕ್ಕೆ ಹೊದಿಕೆಯಾಗಿ ಬಿಡಲೂಬೇಕು. ಇಲ್ಲವಾದರೆ ಇಂದಿನ ಒಲೆ ಉರಿದು ನಾಳೆಯ ತೋಟ ಸೊರಗೀತು.

ಈ ವಿದ್ಯಾಲಯದ ಹಳೆಯ ವಿದ್ಯಾರ್ಥಿಗಳಲ್ಲಿ ಕೃಷಿಕರೂ ಇದ್ದಾರೆ, ಯಂತ್ರಜ್ಞರೂ ಇದ್ದಾರೆ. ಉಭಯರೂ ಕೂಡಿ ಶಾಲೆಯ ಹಿತ್ತಿಲಲ್ಲಿ ಒಂದು ಸಣ್ಣ ಸ್ಥಾವರವನ್ನು ಕಟ್ಟಿಸಿಕೊಟ್ಟರೆ, ಮಕ್ಕಳ ಮಧ್ಯಾಹ್ನದ ಅಡುಗೆಗೆ ಅಷ್ಟಿಷ್ಟು ಉರಿ ದೊರೆತೀತು; ವಿಜ್ಞಾನದ ಪಾಠವೂ ಕಣ್ಣೆದುರೇ ನಡೆದೀತು.