ಹಳೆಯ ಹಾಡು ಹಾಯಬೇಕಾದ ಮೂರು ಜರಡಿಗಳು

ತುಂಗೆಯ ದಡದ ಶೃಂಗೇರಿಯಲ್ಲಾಗಲಿ, ಭದ್ರಾ ಜಲಾಶಯದ ಹಿನ್ನೀರಿನ ಮಗ್ಗುಲಲ್ಲಿರುವ ನರಸಿಂಹರಾಜಪುರದಲ್ಲಾಗಲಿ, ಇವೆರಡರ ನಡುವಣ ಕೊಪ್ಪದಲ್ಲಾಗಲಿ ಓದುತ್ತಿರುವ ವಿದ್ಯಾರ್ಥಿಗಳು ಇಂದು ಅಂಗೈಯಗಲದ ಫೋನಿನಲ್ಲಿ, ಎಲ್ವಿಸ್ ಪ್ರೀಸ್ಲಿಯು ೧೯೫೪ರಲ್ಲಿ ಅಮೆರಿಕದ ಮೆಂಫಿಸ್ ನಗರದಲ್ಲಿ ಹಾಡಿದ ಹಾಡನ್ನು ಕೇಳಬಲ್ಲರು. ಬೀಟಲ್ಸ್ ತಂಡದ ರಾಕ್ ಸಂಗೀತವೂ, ಜಪಾನಿನ ಪಾಪ್ ಗೀತೆಗಳೂ ಅವರಿಗೆ ಅಷ್ಟೇ ಹತ್ತಿರವಾಗಿವೆ. ಜಗತ್ತಿನ ಹಾಡುಗಳೆಲ್ಲವೂ ಅಂತರಜಾಲದಲ್ಲಿವೆ, ಬೆರಳಿಟ್ಟರೆ ಸಾಕು ಎಂಬ ನಂಬಿಕೆ ಇದರಿಂದ ಹುಟ್ಟಿದೆ. ಈ ನಂಬಿಕೆ ಎಷ್ಟರಮಟ್ಟಿಗೆ ನಿಜ?

ಕಾಳುಮೆಣಸನ್ನು ಜರಡಿ ಹಿಡಿಯುವುದನ್ನು ಮಲೆನಾಡಿನವರೆಲ್ಲರೂ ಕಂಡಿದ್ದೇವೆ. ಹಾದುಹೋದುದನ್ನು ಮಾತ್ರ ನೋಡಿದವರಿಗೆ, ಹಾಯದೆ ಉಳಿದುದು ಎಷ್ಟೆಂಬುದು ತಿಳಿಯದು. ಹಳೆಯ ಹಾಡು ಕೂಡ ನಮ್ಮನ್ನು ತಲುಪುವ ಮುನ್ನ ಮೂರು ಜರಡಿಗಳನ್ನು ಹಾಯಬೇಕು. ಮೊದಲನೆಯದು ಉಳಿವಿನ ಜರಡಿ, ಎರಡನೆಯದು ಕಿವಿಯ ಜರಡಿ, ಮೂರನೆಯದು ಹುಡುಕಾಟದ ಜರಡಿ. ಇವುಗಳನ್ನು ಒಂದೊಂದಾಗಿ ಪರಿಶೀಲಿಸೋಣ.

ಉಳಿವಿನ ಜರಡಿ

ಶಬ್ದವನ್ನು ಹಿಡಿದಿಟ್ಟು ಮರಳಿ ನುಡಿಸುವ ಯಂತ್ರವನ್ನು ಥಾಮಸ್ ಎಡಿಸನ್ ೧೮೭೭ರಲ್ಲಿ ರಚಿಸಿದನು. ಚಪ್ಪಟೆಯಾದ ಗ್ರಾಮಫೋನ್ ಪ್ಲೇಟಿನ ವಿಧಾನಕ್ಕೆ ಎಮಿಲ್ ಬರ್ಲಿನರ್ ೧೮೮೭ರಲ್ಲಿ ಹಕ್ಕುಪತ್ರ ಪಡೆದನು. ಈ ಪ್ಲೇಟುಗಳಿಗೆ ಬಳಕೆಯಾದ ಮುಖ್ಯ ವಸ್ತು ಅರಗು. ಒಂದು ಜಾತಿಯ ಕೀಟ ಮರದ ಕೊಂಬೆಗಳ ಮೇಲೆ ಸ್ರವಿಸುವ ಅಂಟು ಅದು. ನಿಮಿಷಕ್ಕೆ ೭೮ ಸುತ್ತು ತಿರುಗುವ ಹತ್ತು ಅಂಗುಲದ ಪ್ಲೇಟಿನ ಒಂದು ಮಗ್ಗುಲಲ್ಲಿ ಹೆಚ್ಚುಕಡಿಮೆ ಮೂರು ನಿಮಿಷದ ಸಂಗೀತಕ್ಕಷ್ಟೇ ಸ್ಥಳವಿತ್ತು. ಪಾಪ್ ಗೀತೆಗಳು ಮೂರು ನಿಮಿಷದ ಆಸುಪಾಸಿನಲ್ಲಿ ಮುಗಿಯುವ ರೂಢಿಗೆ ಇದೂ ಒಂದು ಕಾರಣ.

೧೯೪೮ರಲ್ಲಿ ೩೩⅓ ಸುತ್ತಿನ, ೧೯೪೯ರಲ್ಲಿ ೪೫ ಸುತ್ತಿನ ವಿನೈಲ್ ಪ್ಲೇಟುಗಳು ಬಂದು, ಪಶ್ಚಿಮ ದೇಶಗಳಲ್ಲಿ ಅರಗಿನ ಪ್ಲೇಟು ಮೂಲೆ ಸೇರಿತು. ಆದರೆ ವಿದ್ಯುಚ್ಛಕ್ತಿಯಿಲ್ಲದ ಮನೆಗಳಲ್ಲಿ ಕೀಲಿ ಕೊಟ್ಟು ತಿರುಗಿಸುವ ಗ್ರಾಮಫೋನುಗಳು ನಮ್ಮ ದೇಶದಲ್ಲಿ ಇನ್ನೂ ಬಳಕೆಯಲ್ಲಿದ್ದವು. ಆದುದರಿಂದ ೧೯೬೦ರ ದಶಕದ ನಡುವಿನವರೆಗೂ ಬೀಟಲ್ಸ್ ತಂಡದ ಹಾಡುಗಳು ಭಾರತದಲ್ಲಿ ೭೮ ಸುತ್ತಿನ ಪ್ಲೇಟುಗಳಾಗಿ ಅಚ್ಚಾದವು. ಇಂದು ಅವುಗಳಿಗಾಗಿ ಪ್ರಪಂಚದ ಸಂಗ್ರಾಹಕರು ಹುಡುಕಾಡುತ್ತಾರೆ.

೧೯೬೩ರಲ್ಲಿ ಫಿಲಿಪ್ಸ್ ಸಂಸ್ಥೆ ಹೊರತಂದ ಕ್ಯಾಸೆಟ್ಟು ಸಂಗೀತವನ್ನು ಇನ್ನಷ್ಟು ಅಗ್ಗವಾಗಿಸಿತು. ಆದರೆ ಯಾವ ಸಾಧನವೂ ಶಾಶ್ವತವಲ್ಲ. ಅರಗಿನ ಪ್ಲೇಟು ಕೈತಪ್ಪಿದರೆ ಒಡೆಯುತ್ತದೆ. ಕ್ಯಾಸೆಟ್ಟಿನ ಟೇಪಿನಲ್ಲಿ ಕಾಂತೀಯ ಕಣಗಳನ್ನು ಹಿಡಿದಿಟ್ಟಿರುವ ಅಂಟು ತೇವಕ್ಕೆ ಸೋಲುತ್ತದೆ. ಮಲೆನಾಡಿನ ಮಳೆಗಾಲದಲ್ಲಿ ಅದಕ್ಕೆ ಬೂಷ್ಟು ಹಿಡಿಯುವುದನ್ನು ಹಿರಿಯರೆಲ್ಲರೂ ಬಲ್ಲರು.

ಪ್ರಕೃತಿಗಿಂತ ಮನುಷ್ಯನೇ ಹೆಚ್ಚು ನಾಶಮಾಡಿದ ಸಂದರ್ಭಗಳೂ ಉಂಟು. ೧೯೬೦ರ ದಶಕದಿಂದ ೧೯೭೦ರ ದಶಕದ ಮೊದಲ ಭಾಗದವರೆಗೆ ಕಾಂಬೋಡಿಯದಲ್ಲಿ ಸಿನ್ ಸಿಸಾಮುತ್, ರೋಸ್ ಸೆರೆಯ್ಸೊತಿಯ ಮೊದಲಾದವರು ತಮ್ಮ ನಾಡಿನ ಧಾಟಿಗೆ ಗಿಟಾರಿನ ರಾಕ್ ಸಂಗೀತವನ್ನು ಬೆಸೆದು ಹಾಡಿದರು. ೧೯೭೫ರಿಂದ ೧೯೭೯ರವರೆಗೆ ಆ ದೇಶವನ್ನಾಳಿದ ಖ್ಮೇರ್ ರೂಜ್ ಆಡಳಿತದಲ್ಲಿ ಈ ಇಬ್ಬರೂ ಕಣ್ಮರೆಯಾದರು. ಅವರ ಹಾಡುಗಳು ಇಂದು ಕೇಳಲು ಸಿಗುತ್ತಿರುವುದು, ಪ್ಲೇಟುಗಳನ್ನೂ ಕ್ಯಾಸೆಟ್ಟುಗಳನ್ನೂ ಬಚ್ಚಿಟ್ಟ, ಹೊರದೇಶಗಳಲ್ಲಿ ಕಾಪಾಡಿದ ಸಾಮಾನ್ಯ ಜನರಿಂದ.

ಅಂತರಜಾಲವೇ ಭದ್ರವಾದ ಕಣಜವೆಂದು ತಿಳಿಯುವುದೂ ಸರಿಯಲ್ಲ. ಲಕ್ಷಾಂತರ ಕಲಾವಿದರು ತಮ್ಮ ಹಾಡುಗಳನ್ನು ಒಪ್ಪಿಸಿದ್ದ 'ಮೈಸ್ಪೇಸ್' ತಾಣವು, ೨೦೧೫ಕ್ಕೆ ಮೊದಲು ಅಲ್ಲಿಟ್ಟ ಸಂಗೀತವೆಲ್ಲ ಯಂತ್ರಗಳ ಬದಲಾವಣೆಯಲ್ಲಿ ಕಳೆದುಹೋಯಿತೆಂದು ೨೦೧೯ರಲ್ಲಿ ಒಪ್ಪಿಕೊಂಡಿತು. ಎರಡನೆಯ ಪ್ರತಿಯಿಲ್ಲದ ಹಾಡುಗಳು ಅಲ್ಲಿಗೇ ಮುಗಿದುಹೋದವು.

ಕಿವಿಯ ಜರಡಿ

ಉಳಿದ ಹಾಡು ಇನ್ನು ಗುಡ್ಡಗಳನ್ನು ದಾಟಿ ಬರಬೇಕು. ಹಿಂದಿನ ತಲೆಮಾರಿನವರಿಗೆ ದೂರದ ಸಂಗೀತವನ್ನು ತಂದುಕೊಟ್ಟುದು ರೇಡಿಯೋ ಸಿಲೋನಿನಂತಹ ಕೇಂದ್ರಗಳ ಹ್ರಸ್ವ ತರಂಗಗಳು. ಇವು ಮೇಲಕ್ಕೇರಿ, ವಾಯುಮಂಡಲದ ಎತ್ತರದಲ್ಲಿರುವ ಅಯಾನುಗಳ ಪದರದಿಂದ ಬಾಗಿ, ಮತ್ತೆ ನೆಲಕ್ಕೆ ಇಳಿಯುತ್ತವೆ. ಆಕಾಶದಿಂದ ಇಳಿದುಬರುವ ಅಲೆಗೆ ಬೆಟ್ಟ ಅಷ್ಟಾಗಿ ಅಡ್ಡಿಯಲ್ಲ. ಮೊಬೈಲ್ ಫೋನಿನ ಅಲೆಗಳಾದರೋ ಬಹುಮಟ್ಟಿಗೆ ನೇರವಾಗಿ ಸಾಗುತ್ತವೆ. ಟವರಿಗೂ ಮನೆಗೂ ನಡುವೆ ಗುಡ್ಡವಿದ್ದರೆ ಅದರ ಹಿಂಬದಿ ನೆರಳಾಗುತ್ತದೆ. ಮಳೆಯಲ್ಲಿ ತೊಯ್ದ ದಟ್ಟವಾದ ಎಲೆಗಳು ಅಲೆಗಳ ಶಕ್ತಿಯನ್ನು ಹೀರುತ್ತವೆ. ಸಿಗ್ನಲ್ಲಿಗಾಗಿ ಗುಡ್ಡದ ನೆತ್ತಿಗೆ ಹೋಗಬೇಕಾದ ಕಾರಣ ಇದೇ. ಹೀಗೆ ಕಿರಿದಾದ ದಾರಿಯಲ್ಲಿ ದೊಡ್ಡ ಹೊರೆ ಸಾಗದು. ಹಾಡನ್ನು ಕುಗ್ಗಿಸಲೇಬೇಕು. ಹೇಗೆ?

ಮನುಷ್ಯನ ಕಿವಿಯು ಸೆಕೆಂಡಿಗೆ ಸುಮಾರು ೨೦ರಿಂದ ೨೦,೦೦೦ ಕಂಪನಗಳವರೆಗಿನ ಶಬ್ದವನ್ನು ಗ್ರಹಿಸಬಲ್ಲದು. ಅಲೆಯೊಂದನ್ನು ಅಂಕೆಗಳಲ್ಲಿ ಬರೆದಿಟ್ಟು ಮರಳಿ ರಚಿಸಬೇಕಾದರೆ, ಅದರ ಅತಿ ಹೆಚ್ಚಿನ ಕಂಪನ ಸಂಖ್ಯೆಯ ಎರಡರಷ್ಟಕ್ಕಿಂತ ಹೆಚ್ಚು ಸಲ ಅದನ್ನು ಅಳೆಯಬೇಕು. ಈ ನಿಯಮವನ್ನು ಅನುಸರಿಸಿ, ೧೯೮೨ರಲ್ಲಿ ಮಾರುಕಟ್ಟೆಗೆ ಬಂದ ಸಿ.ಡಿ.ಯಲ್ಲಿ ಶಬ್ದವನ್ನು ಸೆಕೆಂಡಿಗೆ ೪೪,೧೦೦ ಸಲ ಅಳೆಯುತ್ತಾರೆ. ಪ್ರತಿಯೊಂದು ಅಳತೆಗೂ ೧೬ ಬಿಟ್‌ಗಳು. ಎಡಬಲಗಳಿಗೆ ಎರಡು ಸಾಲುಗಳು. ಗುಣಿಸಿದರೆ ಸೆಕೆಂಡಿಗೆ ೧೪,೧೧,೨೦೦ ಬಿಟ್‌ಗಳು. ನಾಲ್ಕು ನಿಮಿಷದ ಹಾಡಿಗೆ ಸುಮಾರು ೪೨ ಮೆಗಾಬೈಟುಗಳು ಬೇಕು.

ಇಲ್ಲಿ ಕಿವಿಯ ದೌರ್ಬಲ್ಯವೇ ನೆರವಿಗೆ ಬಂದಿತು. ಬಲವಾದ ಸ್ವರವೊಂದು ನುಡಿಯುತ್ತಿರುವಾಗ, ಅದಕ್ಕೆ ಸಮೀಪದ ಕಂಪನ ಸಂಖ್ಯೆಯ ಕ್ಷೀಣ ಸ್ವರ ನಮಗೆ ಕೇಳಿಸುವುದಿಲ್ಲ. ಸಂಜೆಯ ಕಾಡಿನಲ್ಲಿ ಜೀರುಂಡೆಗಳ ಕೀರಲು ಧ್ವನಿಯು ಚಿಕ್ಕ ಹುಳುವೊಂದರ ಅಂತಹುದೇ ಸಣ್ಣ ದನಿಯನ್ನು ಮುಚ್ಚಿಬಿಡುತ್ತದೆ. ಆದರೆ ದೂರದ ಯಕ್ಷಗಾನದ ಮದ್ದಳೆಯ ತಗ್ಗಿನ ನಾದವನ್ನು ಮುಚ್ಚಲಾರದು. ಕೇಳಿಸದ ಸ್ವರವನ್ನು ನಿಖರವಾಗಿ ಬರೆದಿಟ್ಟು ಪ್ರಯೋಜನವೇನು? ಜರ್ಮನಿಯ ಕಾರ್ಲ್‌ಹೈನ್ಜ್ ಬ್ರಾಂಡೆನ್‌ಬರ್ಗ್ ಮೊದಲಾದವರು ಈ ತತ್ತ್ವದ ಮೇಲೆ ರೂಪಿಸಿದ ಎಂ.ಪಿ. ತ್ರೀ ವಿಧಾನ ೧೯೯೦ರ ದಶಕದಲ್ಲಿ ಬಳಕೆಗೆ ಬಂದಿತು. ಸೆಕೆಂಡಿಗೆ ೧,೨೮,೦೦೦ ಬಿಟ್‌ಗಳಂತೆ ಕುಗ್ಗಿಸಿದರೆ ನಾಲ್ಕು ನಿಮಿಷದ ಹಾಡು ೪ ಮೆಗಾಬೈಟಿಗೂ ಕಡಮೆಯಾಗುತ್ತದೆ. ಎಂದರೆ ಹನ್ನೊಂದರಲ್ಲಿ ಒಂದು ಪಾಲು.

ಈ ವಿಧಾನವನ್ನು ತಿದ್ದಲು ಬ್ರಾಂಡೆನ್‌ಬರ್ಗ್ ಆರಿಸಿಕೊಂಡ ಹಾಡುಗಳಲ್ಲಿ ಸುಝಾನ್ ವೇಗಾ ಹಾಡಿದ 'ಟಾಮ್ಸ್ ಡೈನರ್' ಒಂದು. ಅದರಲ್ಲಿ ವಾದ್ಯಗಳಿಲ್ಲ, ಒಂಟಿ ಕಂಠ ಮಾತ್ರ. ತಪ್ಪನ್ನು ಮುಚ್ಚಲು ಬೇರೆ ಸ್ವರವಿಲ್ಲದುದರಿಂದ ವಿಧಾನದ ಕೊರತೆಗಳೆಲ್ಲವೂ ಅದರಲ್ಲಿ ಬಯಲಾದವು. ಈಗ ಇನ್ನೂ ಸೂಕ್ಷ್ಮವಾದ ವಿಧಾನಗಳು ಬಂದಿವೆ. ಆದರೂ ಒಂದನ್ನು ಮರೆಯಬಾರದು: ಹೀಗೆ ಕೈಬಿಟ್ಟ ಅಂಶವನ್ನು ಮರಳಿ ಪಡೆಯಲಾಗದು. ಕುಗ್ಗಿಸಿದುದನ್ನೇ ಮತ್ತೆ ಮತ್ತೆ ಕುಗ್ಗಿಸಿದರೆ ಹಾಡು ಕ್ರಮೇಣ ಕೆಡುತ್ತದೆ. ಕೇಳಲು ಕುಗ್ಗಿಸಿದ ಪ್ರತಿ ಸಾಕು. ಕಾಪಾಡಲು ಪೂರ್ಣ ಪ್ರತಿಯೇ ಬೇಕು.

ಹುಡುಕಾಟದ ಜರಡಿ

ರೇಡಿಯೋ ಕಾಲದಲ್ಲಿ ಕೇಂದ್ರದವರು ಹಾಕಿದುದನ್ನು ಅವರು ಗೊತ್ತುಮಾಡಿದ ಹೊತ್ತಿನಲ್ಲಿ ಕೇಳಬೇಕಾಗಿತ್ತು. ಈಗ ಆಯ್ಕೆ ನಮ್ಮದೇ ಎನ್ನುತ್ತೇವೆ. ಆದರೆ ಒಂದು ಹಾಡು ಮುಗಿದೊಡನೆ ಇನ್ನೊಂದನ್ನು ಮುಂದಿಡುವವರಾರು? ಗ್ರಂಥಪಾಲಕರೊಬ್ಬರು, ಈ ಪುಸ್ತಕವನ್ನು ಒಯ್ದವರು ಮತ್ತಾವ ಪುಸ್ತಕಗಳನ್ನು ಒಯ್ದರು ಎಂಬುದನ್ನು ಬರೆದಿಟ್ಟುಕೊಂಡು, ಅದೇ ಪಟ್ಟಿಯಿಂದ ಹೊಸ ಓದುಗರಿಗೆ ಸಲಹೆ ಕೊಡುತ್ತಾರೆಂದು ಭಾವಿಸೋಣ. ಸಂಗೀತ ತಾಣಗಳ ಗಣಕಗಳು ಇದೇ ಬಗೆಯ ಲೆಕ್ಕವನ್ನು ಕೋಟ್ಯಂತರ ಕೇಳುಗರ ಮೇಲೆ ನಡೆಸುತ್ತವೆ.

ಇದರಿಂದ ಒಳ್ಳೆಯದೂ ಆಗಿದೆ. ಜಪಾನಿನ ಮಾರಿಯಾ ತಕೆಯುಚಿ ೧೯೮೪ರಲ್ಲಿ ಹಾಡಿದ 'ಪ್ಲಾಸ್ಟಿಕ್ ಲವ್' ಗೀತೆಯು ಮೂರು ದಶಕಗಳು ಕಳೆದ ಮೇಲೆ, ಬಹುಮಟ್ಟಿಗೆ ಯೂಟ್ಯೂಬಿನ ಇಂತಹ ಸಲಹೆಗಳಿಂದ, ಜಗತ್ತಿನ ತರುಣರನ್ನು ತಲುಪಿತು. ನಮ್ಮಲ್ಲಿಯೂ ೧೯೭೮ರ 'ಆಪರೇಷನ್ ಡೈಮಂಡ್ ರಾಕೆಟ್' ಚಿತ್ರದಲ್ಲಿ, ಜಿ. ಕೆ. ವೆಂಕಟೇಶ್ ಅವರ ಸಂಗೀತಕ್ಕೆ ಡಾ. ರಾಜ್‌ಕುಮಾರ್ ಹಾಡಿದ 'ಇಫ್ ಯು ಕಮ್ ಟುಡೇ' ಎಂಬ ಇಂಗ್ಲಿಷ್ ಗೀತೆ, ಅಂತರಜಾಲದ ಮೂಲಕ ಕನ್ನಡವರಿಯದ ಕೇಳುಗರನ್ನೂ ಮುಟ್ಟಿದೆ.

ಆದರೆ ಈ ಲೆಕ್ಕದಲ್ಲಿ ಒಂದು ದೋಷವುಂಟು. ಹೆಚ್ಚು ಜನ ಕೇಳಿದುದು ಹೆಚ್ಚು ಜನರ ಮುಂದೆ ಬರುತ್ತದೆ. ಮುಂದೆ ಬಂದುದರಿಂದ ಇನ್ನಷ್ಟು ಜನ ಕೇಳುತ್ತಾರೆ. ಕೇಳದ ಹಾಡು ಕೇಳದೆಯೇ ಉಳಿಯುತ್ತದೆ. ಯಂತ್ರವು ನಮ್ಮ ನಿನ್ನೆಯ ರುಚಿಯನ್ನು ಅರಿಯಬಲ್ಲದು. ನಾಳೆ ನಾವು ಕಲಿಯಬೇಕಾದುದನ್ನು ಅರಿಯದು.

ಇದಕ್ಕೆ ಮದ್ದು, ಹೆಸರುಗಳನ್ನು ಹಿಡಿದು ಹಿಂದಕ್ಕೆ ನಡೆಯುವುದು. ಉದಾಹರಣೆಗೆ, ೧೯೬೨ರಲ್ಲಿ ಲಂಡನ್ನಿನಲ್ಲಿ ಕೂಡಿದ ರೋಲಿಂಗ್ ಸ್ಟೋನ್ಸ್ ತಂಡಕ್ಕೆ ಆ ಹೆಸರು ಎಲ್ಲಿಂದ ಬಂದಿತು? ಮಡಿ ವಾಟರ್ಸ್ ೧೯೫೦ರಲ್ಲಿ ಷಿಕಾಗೋವಿನಲ್ಲಿ ಹಾಡಿದ ಒಂದು ಹಾಡಿನಿಂದ. ಮಡಿ ವಾಟರ್ಸ್ ಕಂಠವನ್ನು ಮೊದಲು ಮುದ್ರಿಸಿದವರು ಯಾರು? ಅಮೆರಿಕದ ಕಾಂಗ್ರೆಸ್ ಗ್ರಂಥಾಲಯಕ್ಕಾಗಿ ೧೯೪೧ರಲ್ಲಿ ಹತ್ತಿಯ ತೋಟಕ್ಕೆ ಯಂತ್ರ ಹೊತ್ತು ಹೋದ ಆಲನ್ ಲೊಮ್ಯಾಕ್ಸ್ ಮತ್ತು ಸಂಗಡಿಗರು. ಅದಕ್ಕೂ ಹಿಂದೆ ಆ ಧಾಟಿಯಲ್ಲಿ ಹಾಡಿದವನು ರಾಬರ್ಟ್ ಜಾನ್ಸನ್. ೧೯೩೬ ಮತ್ತು ೧೯೩೭ರಲ್ಲಿ ೨೯ ಹಾಡುಗಳನ್ನು ಮುದ್ರಿಸಿ ೧೯೩೮ರಲ್ಲಿ ತೀರಿಕೊಂಡನು. ಹೀಗೆ ಮೂರು ಪ್ರಶ್ನೆಗಳು ನಮ್ಮನ್ನು ರಾಕ್ ಸಂಗೀತದ ಬೇರಿನವರೆಗೆ ಒಯ್ದವು.

ಹುಡುಕುವವರ ಹಟ ಸತ್ಯವನ್ನೇ ತಿದ್ದಿದುದೂ ಉಂಟು. ಅಮೆರಿಕದ ರಾಡ್ರಿಗೆಝ್ ಎಂಬ ಗಾಯಕನ ೧೯೭೦ರ 'ಕೋಲ್ಡ್ ಫ್ಯಾಕ್ಟ್' ತನ್ನ ದೇಶದಲ್ಲಿ ಯಾರ ಗಮನಕ್ಕೂ ಬರಲಿಲ್ಲ. ದಕ್ಷಿಣ ಆಫ್ರಿಕದಲ್ಲಿಯಾದರೋ ಅದು ಮನೆಮಾತಾಯಿತು. ಗಾಯಕನು ಸತ್ತುಹೋದನೆಂದು ಅಲ್ಲಿಯವರು ನಂಬಿದ್ದರು. ಅಭಿಮಾನಿಗಳು ಅಂತರಜಾಲದಲ್ಲಿ ವಿಚಾರಣೆಗೆ ತೊಡಗಿದಾಗ ಆತನ ಮಗಳೇ ಉತ್ತರ ಬರೆದಳು. ೧೯೯೮ರಲ್ಲಿ ರಾಡ್ರಿಗೆಝ್ ದಕ್ಷಿಣ ಆಫ್ರಿಕಕ್ಕೆ ಹೋಗಿ ಹಾಡಿದನು.

ವಿದ್ಯಾರ್ಥಿಗಳು ಮಾಡಬಹುದಾದ ಕೆಲಸ

ಕೇಳಿದ ಹಾಡಿನ ಹೆಸರು, ಗಾಯಕರು, ಸಂಗೀತ ರಚಿಸಿದವರು, ದೇಶ, ವರ್ಷ ಈ ಐದನ್ನು ಒಂದು ಪುಸ್ತಕದಲ್ಲಿ ಬರೆದಿಡುವ ಅಭ್ಯಾಸ ಒಳ್ಳೆಯದು. ತಿಳಿಯದೆ ಖಾಲಿಬಿಟ್ಟ ಕಡೆಯೇ ಮುಂದಿನ ಹುಡುಕಾಟದ ಮೊದಲ ಹೆಜ್ಜೆಯಾಗುತ್ತದೆ.

ಮನೆಯ ಬೀರುವಿನಲ್ಲಿ ಹಳೆಯ ಕ್ಯಾಸೆಟ್ಟುಗಳಿದ್ದರೆ ಮಳೆಗಾಲ ಹಿಡಿಯುವ ಮೊದಲೇ ಅವನ್ನು ಗಣಕಕ್ಕೆ ಇಳಿಸಿ, ಕುಗ್ಗಿಸದ ಪ್ರತಿಯೊಂದನ್ನು ಪ್ರತ್ಯೇಕವಾಗಿ, ಎರಡು ಕಡೆಗಳಲ್ಲಿ ಇಡಬೇಕು. ಹಾಡಿದವರ ಹೆಸರನ್ನೂ ವರ್ಷವನ್ನೂ ಜೊತೆಗೆ ಬರೆಯಬೇಕು. ಹೆಸರಿಲ್ಲದ ಹಾಡು ಉಳಿದೂ ಸಿಗದು. ಎಲ್ವಿಸ್ ಹಾಡನ್ನು ಕಾಪಾಡಲು ಜಗತ್ತಿನಲ್ಲಿ ಅನೇಕರಿದ್ದಾರೆ. ನಮ್ಮೂರಿನ ಮದುವೆಮನೆಯಲ್ಲಿ, ಶಾಲೆಯ ವಾರ್ಷಿಕೋತ್ಸವದಲ್ಲಿ, ಯಕ್ಷಗಾನದ ರಂಗದಲ್ಲಿ ಮುದ್ರಿಸಿಕೊಂಡ ಕಂಠಗಳಿಗೆ ಆ ಒಂದು ಕ್ಯಾಸೆಟ್ಟಿನ ಹೊರತು ಬೇರೆ ನೆಲೆಯಿಲ್ಲ.