ಇನ್ನೊಂದು ಕಂತು ಕಟ್ಟಿದರೆ ಅರ್ಧ ವಾಪಸ್?

2023ರ ಜನವರಿಯಲ್ಲಿ, ಮೂರು ಕಂತು ಕಟ್ಟಿದ್ದ ಪಾಲಿಸಿಯೊಂದನ್ನು ಸರೆಂಡರ್ ಮಾಡಿದೆ. ಕಟ್ಟಿದ್ದು 1,85,400 ರೂಪಾಯಿ, ಕೈಗೆ ಬಂದದ್ದು 63,000. ಬರವಣಿಗೆಯನ್ನೇ ನಂಬಿ ಬದುಕುವ ಗೆಳೆಯರಲ್ಲಿ ಯಾರಿಗೆ ಹೇಳಿದರೂ ಕೇಳುವುದು ಒಂದೇ ಮಾತು: ‘ಇನ್ನೊಂದು ವರ್ಷ ತಡೀಬಹುದಿತ್ತಲ್ಲ?’ ಏಜೆಂಟರು ಹೇಳಿದ್ದೂ ಅದನ್ನೇ. ‘ಇನ್ನೊಂದ್ ಕಂತ್ ಕಟ್ರೀ ಸರ, ನಾಕನೇ ವರ್ಷಕ್ಕ ಅರ್ಧ ವಾಪಸ್ ಬರ್ತೈತಿ.’ ಈ ಸಲಹೆ ಈಗಲೂ ಎಷ್ಟೋ ಮನೆಗಳಲ್ಲಿ ಓಡಾಡುತ್ತಿರುವುದರಿಂದ ಆ ಲೆಕ್ಕವನ್ನು ಪೂರ್ತಿ ಬಿಡಿಸಿ ಇಡುತ್ತೇನೆ.

ವಾರ್ಷಿಕ ಕಂತು 60,000. ಜಿಎಸ್‌ಟಿ ಮೊದಲ ವರ್ಷ ಶೇ 4.5, ಆಮೇಲೆ ಶೇ 2.25. ಅಂದರೆ ಮೊದಲ ವರ್ಷ 62,700, ಮುಂದಿನ ಎರಡು ವರ್ಷ 61,350ರಂತೆ. ಮೂರನೇ ವರ್ಷದಲ್ಲಿ ಬಿಟ್ಟರೆ ಖಾತರಿ ಸರೆಂಡರ್ ಮೌಲ್ಯ ಕಂತಿನ ಶೇ 35. ತೆರಿಗೆ ಅದರಲ್ಲಿ ಲೆಕ್ಕಕ್ಕಿಲ್ಲ. 1,80,000ಕ್ಕೆ ಶೇ 35 ಎಂದರೆ 63,000. ನಾಲ್ಕನೇ ಕಂತು ಕಟ್ಟಿದ್ದರೆ ಶೇ 50. ಅರ್ಧ ಎನ್ನುವುದು ಕೇಳಲು ಹಿತವಾಗಿದೆ. 2,40,000ದ ಅರ್ಧ 1,20,000. ಈಗ ಹೆಚ್ಚಾಗಿ ಸಿಗುವುದನ್ನಷ್ಟೇ ನೋಡಿ: 1,20,000ದಲ್ಲಿ 63,000 ಕಳೆದರೆ 57,000. ಆ 57,000ಕ್ಕಾಗಿ ನಾನು ಹೊಸದಾಗಿ ಕಟ್ಟಬೇಕಿದ್ದದ್ದು 61,350. ಒಂದು ವರ್ಷ ಕಾದು, ಮತ್ತೆ 4,350 ರೂಪಾಯಿ ಕಳೆದುಕೊಳ್ಳುವ ಸಲಹೆ ಅದು. ‘ಅರ್ಧ’ ಎನ್ನುವಾಗ ಕಣ್ಣು ಹಳೆಯ ಮೂರು ಕಂತಿನ ಮೇಲಿರುತ್ತದೆ, ಹೊಸ ಕಂತು ಮರೆತುಹೋಗುತ್ತದೆ. ಹೋದ ದುಡ್ಡನ್ನು ಹೋಯಿತೆಂದು ಬರೆದಿಟ್ಟು, ಮುಂದೆ ಕೊಡುವ ರೂಪಾಯಿಗೆ ಎಷ್ಟು ಸಿಗುತ್ತದೆ ಎಂದಷ್ಟೇ ಕೇಳಬೇಕು.

ಆಗಿದ್ದ ನಷ್ಟ 1,22,400. ನನ್ನ ಕಾದಂಬರಿಯ ಬೆಲೆ 250, ಗೌರವಧನ ಶೇ 10, ಪ್ರತಿಗೆ 25 ರೂಪಾಯಿ. ನಷ್ಟ ತುಂಬಲು 4,896 ಪ್ರತಿ ಮಾರಾಟವಾಗಬೇಕು. ಸಾವಿರ ಪ್ರತಿಯ ಒಂದು ಮುದ್ರಣ ಖರ್ಚಾಗುವುದಕ್ಕೇ ಕನ್ನಡದಲ್ಲಿ ವರ್ಷಗಳು ಹಿಡಿಯುತ್ತವೆ. ಇದು ಹೆಚ್ಚುಕಡಿಮೆ ಐದು ಮುದ್ರಣದ ಮಾತು.

ಪಾಲಿಸಿ ಕೊಂಡದ್ದು 2020ರ ಫೆಬ್ರುವರಿ ಕೊನೆಗೆ. ಆಗ ದೈನಿಕ ಧಾರಾವಾಹಿಯೊಂದಕ್ಕೆ ಸಂಭಾಷಣೆ ಬರೆಯುತ್ತಿದ್ದೆ. ಎಪಿಸೋಡ್ ಲೆಕ್ಕದಲ್ಲಿ ದುಡ್ಡು. ತಡವಾದರೂ ತಿಂಗಳು ತಿಂಗಳು ಬರುತ್ತಿತ್ತು. ಮಾರ್ಚ್ ಹತ್ತಿರವಾಗಿತ್ತು, ತೆರಿಗೆ ಉಳಿಸುವ 80ಸಿ ಮಾತು ಬಂತು, ‘ಖಾತರಿ ಆದಾಯ’ದ ಯೋಜನೆ ಮೇಜಿನ ಮೇಲೆ ಬಂತು. ಮುಂದಿನ ತಿಂಗಳೇ ಲಾಕ್‌ಡೌನ್, ಶೂಟಿಂಗ್ ಬಂದ್. ಜೂನ್ ಹೊತ್ತಿಗೆ ಚಿತ್ರೀಕರಣ ಶುರುವಾದರೂ ಹಳೆಯ ಬಾಕಿ ಬರಲು ಬಹಳ ಕಾಲ ಹಿಡಿಯಿತು. 2022ರಲ್ಲಿ ಧಾರಾವಾಹಿ ಮುಗಿಯಿತು. ಕಂತಿನ ದಿನಾಂಕ ಮಾತ್ರ ಅಲುಗಲಿಲ್ಲ.

ಕಥೆಗಾರನ ಆದಾಯ ಹೇಗೆ ಬರುತ್ತದೆಂದು ಈ ಯೋಜನೆಗಳನ್ನು ಮಾರುವವರು ಒಮ್ಮೆಯಾದರೂ ಕೇಳಬೇಕು. ದೀಪಾವಳಿ ವಿಶೇಷಾಂಕಕ್ಕೆ ಕೊಟ್ಟ ಕಥೆಯ ಸಂಭಾವನೆ ಯುಗಾದಿಗೆ ಬಂದರೂ ಬಂತು. ಪುಸ್ತಕದ ಗೌರವಧನ ಕೇಳಿದರೆ ‘ಗ್ರಂಥಾಲಯ ಇಲಾಖೆಯ ಸಗಟು ಖರೀದಿ ದುಡ್ಡು ಬರಲಿ’ ಎನ್ನುತ್ತಾರೆ ಪ್ರಕಾಶಕರು. ಅವರ ಕಷ್ಟವೂ ನಿಜ. ಚಿತ್ರಕಥೆಯ ಮುಂಗಡ ಬಂದರೆ ಒಟ್ಟಿಗೆ ಬರುತ್ತದೆ, ಬಾಕಿ ಯಾವಾಗಲೆಂದು ಹೇಳಲಾಗದು. ಇಂಥವರಿಗೆ ಹತ್ತು ಹನ್ನೆರಡು ವರ್ಷ ಒಂದೇ ತಾರೀಖಿಗೆ ಒಂದೇ ಮೊತ್ತ ಕಟ್ಟಿಸಿಕೊಳ್ಳುವ ಯೋಜನೆ ಮಾರುವುದು ಅನ್ಯಾಯ. ಮೆಚ್ಯೂರಿಟಿವರೆಗೆ ಕಟ್ಟಿದರೂ ಶೇ 5ರ ಆಸುಪಾಸಿನ ಪ್ರತಿಫಲ. ವಿಮೆ ಎನ್ನೋಣವೆಂದರೆ ಕಂತಿನ ಹತ್ತು ಪಟ್ಟು, ಆರು ಲಕ್ಷ. ದುಡಿಯುವ ಒಬ್ಬನೇ ಹೋದರೆ ಆರು ಲಕ್ಷದಲ್ಲಿ ಮನೆ ಎಷ್ಟು ದಿನ ನಡೆದೀತು? ನನ್ನ ವಯಸ್ಸಿನವರಿಗೆ ಐವತ್ತು ಲಕ್ಷದ ಟರ್ಮ್ ಪಾಲಿಸಿ ಇದರ ಕಾಲುಭಾಗಕ್ಕಿಂತ ಕಡಿಮೆ ಕಂತಿಗೆ ಸಿಗುತ್ತಿತ್ತು.

ಹುಬ್ಬಳ್ಳಿಯ ಶಾಖೆಯಲ್ಲಿ ರೆವಿನ್ಯೂ ಸ್ಟಾಂಪಿನ ಮೇಲೆ ಸಹಿ ಹಾಕಿ, ರದ್ದು ಮಾಡಿದ ಚೆಕ್ಕಿನ ಜೊತೆ ಮೂಲ ಬಾಂಡ್ ಒಪ್ಪಿಸಬೇಕಿತ್ತು. ಕೊಡುವ ಮೊದಲು ಒಳಪುಟ ತೆರೆದೆ. ಸರೆಂಡರ್ ಮೌಲ್ಯದ ಕೋಷ್ಟಕ ಅಲ್ಲೇ ಇತ್ತು: ಮೊದಲ ವರ್ಷದ ಎದುರು ಸೊನ್ನೆ, ಎರಡಕ್ಕೆ 30, ಮೂರಕ್ಕೆ 35. ಮಾರುವಾಗ ಯಾರೂ ಆ ಪುಟ ತಿರುಗಿಸುವುದಿಲ್ಲ. 2024ರ ಅಕ್ಟೋಬರ್‌ನಿಂದ ವಿಮಾ ನಿಯಂತ್ರಕ ಐಆರ್‌ಡಿಎಐ ನಿಯಮ ಬದಲಾಗಿ, ಒಂದು ವರ್ಷದ ಕಂತು ಕಟ್ಟಿದವರಿಗೂ ಏನಾದರೂ ಮರಳಬೇಕೆಂದಾಗಿದೆ. 2025ರ ಸೆಪ್ಟೆಂಬರ್‌ನಿಂದ ಜಿಎಸ್‌ಟಿಯೂ ಇಲ್ಲ. ಒಳ್ಳೆಯದಾಯಿತು. ಆದರೂ ಕಂತಿನ ಸ್ವಭಾವ ಅದೇ.

ಸರೆಂಡರ್ ಮಾಡಲು ನನಗೆ ಇನ್ನೊಂದು ಕಾರಣವಿತ್ತು. ಅರ್ಧಕ್ಕೆ ನಿಂತ ಕಾದಂಬರಿಯೊಂದಿತ್ತು. ಧಾರವಾಡದಲ್ಲಿ ಸ್ವಂತ ಮನೆ, ತಿಂಗಳ ಖರ್ಚು 21,000. ಬಂದ 63,000, ಕಟ್ಟದೆ ಉಳಿದ 61,350 ಸೇರಿ ಸುಮಾರು ಆರು ತಿಂಗಳ ಮನೆಖರ್ಚು. ಬೇರೆ ಕೆಲಸ ಒಪ್ಪಿಕೊಳ್ಳದೆ ಬರೆದೆ, ಕಾದಂಬರಿ ಮುಗಿಯಿತು. ಪಾಲಿಸಿಯಲ್ಲಿ ಉಳಿದಿದ್ದರೆ ಆ ದುಡ್ಡು ಬರವಣಿಗೆಯ ಒಂದು ದಿನವನ್ನೂ ಕೊಡುತ್ತಿರಲಿಲ್ಲ.

ಕಿರಿಯ ಬರಹಗಾರರಿಗೆ ಹೇಳುವುದಿದೆ. ಯಾವ ಕಥೆ ಯಾವ ಪತ್ರಿಕೆಗೆ ಹೋಯಿತು, ದುಡ್ಡು ಬಂತೇ, ಟಿಡಿಎಸ್ ಎಷ್ಟು ಹೋಯಿತು ಎಂದು ಒಂದು ಪುಸ್ತಕದಲ್ಲಿ ಬರೆದಿಡಿ. ಆದಾಯ ಕಡಿಮೆಯೆಂದು ರಿಟರ್ನ್ಸ್ ಸಲ್ಲಿಸದೆ ಬಿಡಬೇಡಿ. ಕಡಿತವಾದ ಶೇ 10 ಮರಳಿ ಬರುವುದು ಅದರಿಂದಲೇ, ಟರ್ಮ್ ವಿಮೆಯವರು ಆದಾಯದ ದಾಖಲೆಯಾಗಿ ಕೇಳುವುದೂ ಅದನ್ನೇ. ಹಳೆಯ ತೆರಿಗೆ ಪದ್ಧತಿಯಲ್ಲಿದ್ದರೆ 80ಕ್ಯೂಕ್ಯೂಬಿ ಅಡಿ ಪುಸ್ತಕದ ಗೌರವಧನಕ್ಕೆ 3 ಲಕ್ಷದವರೆಗೆ ಕಡಿತವಿದೆ, ಪ್ರಕಾಶಕರಿಂದ 10ಸಿಸಿಡಿ ಫಾರಂ ಕೇಳಿ ಪಡೆಯಿರಿ. ಹೊಸ ಪದ್ಧತಿಯಲ್ಲಿ 2025-26ರಿಂದ 12 ಲಕ್ಷದವರೆಗಿನ ಆದಾಯಕ್ಕೆ ತೆರಿಗೆಯೇ ಬೀಳುವುದಿಲ್ಲ. ಆದ್ದರಿಂದ ಮಾರ್ಚ್‌ನಲ್ಲಿ ‘ತೆರಿಗೆ ಉಳಿಸಿ’ ಎಂದು ಬಾಗಿಲಿಗೆ ಬರುವವರಿಗೆ ಕುರ್ಚಿ ಹಾಕುವ ಅಗತ್ಯವಿಲ್ಲ. ಒಟ್ಟಿಗೆ ಬಂದ ಮುಂಗಡದಲ್ಲಿ ಮೊದಲು ಆರು ತಿಂಗಳ ಮನೆಖರ್ಚು ಬೇರೆ ಖಾತೆಗೆ ಹೋಗಲಿ. ಹೊಸ ಫೋನು, ಹೊಸ ಗಾಡಿ ಆಮೇಲೆ. ನಮ್ಮ ಪೀಳಿಗೆಯವರು ದುಡ್ಡಿನ ಮಾತೆತ್ತಲು ನಾಚಿಕೊಂಡೇ ಕಾಲ ಕಳೆದೆವು, ನೀವು ಹಾಗೆ ಮಾಡಬೇಡಿ.

ದೀರ್ಘಾವಧಿಗೆ ನಾನು ಪಿಪಿಎಫ್ ಇಟ್ಟುಕೊಂಡಿದ್ದೇನೆ. ಬಡ್ಡಿ 2020ರ ಏಪ್ರಿಲ್‌ನಿಂದ ಶೇ 7.1ರಲ್ಲೇ ಇದೆ. ಧಾರಾವಾಹಿಯ ವರ್ಷ ಒಂದೂವರೆ ಲಕ್ಷದವರೆಗೆ ಹಾಕಬಹುದು, ಬರಗಾಲದ ವರ್ಷ 500 ರೂಪಾಯಿ ಸಾಕು. ಅದನ್ನೂ ಹಾಕಲಾಗದಿದ್ದರೆ ದಂಡ 50 ರೂಪಾಯಿ. ಹದಿನೈದು ವರ್ಷದ ಅವಧಿ ನಿಜ, ಏಳನೇ ವರ್ಷದಿಂದ ಒಂದಷ್ಟು ತೆಗೆಯಲೂ ಬಹುದು. ಆಯಾ ತಿಂಗಳ 5ನೇ ತಾರೀಖಿನೊಳಗೆ ಹಾಕಿದರೆ ಆ ತಿಂಗಳ ಬಡ್ಡಿಯೂ ಸೇರುತ್ತದೆ.