ಹುಡುಕಿದ ಮೇಲೆ ಸಿಕ್ಕಿದ ಸುರುಳಿ

ಪಾಠಭಾಗ: ಎಜ್ರನ ಪುಸ್ತಕ, 5 ಮತ್ತು 6ನೇ ಅಧ್ಯಾಯಗಳು

ಯೆಹೂದ್ಯರು ದೇವಾಲಯವನ್ನು ತಿರಿಗಿ ಕಟ್ಟುತ್ತಿರುವಾಗ ಅಧಿಪತಿಯಾದ ತತ್ತೆನೈಯು ಬಂದು, ನಿಮಗೆ ಅಪ್ಪಣೆ ಕೊಟ್ಟವರಾರೆಂದು ವಿಚಾರಿಸಿದನು. ಹಿರಿಯರು ಜಗಳಕ್ಕೆ ನಿಲ್ಲಲಿಲ್ಲ, ಹೆದರಿ ಕೆಲಸವನ್ನು ಬಿಡಲೂ ಇಲ್ಲ. ಕೋರೆಷ ಅರಸನೇ ಅಪ್ಪಣೆ ಕೊಟ್ಟನೆಂದು ಸತ್ಯವನ್ನು ಹೇಳಿದರು. ದಾರ್ಯಾವೆಷ ಅರಸನು ಹಳೇ ಬರಹಗಳನ್ನು ಶೋಧಿಸಲಾಗಿ, ದೂರದ ಅಹ್ಮೆತಾ ಕೋಟೆಯಲ್ಲಿ ಆ ಸುರುಳಿಯು ಸಿಕ್ಕಿತು. ಆಗ ಅಡ್ಡಿಯು ತೊಲಗಿತು.

ನಮ್ಮ ಮಸ್ಕಿಯ ಬಂಡೆಯ ಮೇಲೂ ಅಶೋಕ ಅರಸನ ಬರಹವುಂಟು. ಧರ್ಮದ ಫಲವು ದೊಡ್ಡವರಿಗೆ ಮಾತ್ರವಲ್ಲ, ಅಲ್ಪರಿಗೂ ದೊರೆಯುವದೆಂಬದು ಅದರ ಭಾವ. ಆದರೆ ಆ ಲಿಪಿಯನ್ನು ಓದಬಲ್ಲವರು ಇಲ್ಲವಾದ್ದರಿಂದ ಅದು ಬಹುಕಾಲ ಬರಿಯ ಕಲ್ಲಾಗಿತ್ತು; 1915ರಲ್ಲಿ ಮಾತ್ರ ಅದು ಪಂಡಿತರ ಕಣ್ಣಿಗೆ ಬಿತ್ತು. ಓದುವವರಿಲ್ಲದ ಬರಹವು ಬಡವನಿಗೆ ಆಸರೆಯಾಗದು.

ನಮ್ಮ ಸೀಮೆಯ ಒಬ್ಬ ವಿಧವೆಯ ಸಂಗತಿಯನ್ನು ಬಲ್ಲೆವು. ಗಂಡನು ತೀರಿ ಏಳು ವರುಷವಾದರೂ ಹೊಲದ ಪಹಣಿಯಲ್ಲಿ ಅವನ ಹೆಸರೇ ಇತ್ತು. ಅವಳು ಮೂರು ಸಾರಿ ಕಚೇರಿಗೆ ಹೋದಳು; ಮೂರು ಸಾರಿಯೂ ನಿನ್ನ ಅರ್ಜಿಯು ಕಾಣದೆಂದು ಕಳುಹಿಸಿಬಿಟ್ಟರು. ನಾವು ಅವಳ ಮನೆಯಲ್ಲಿ ಪ್ರಾರ್ಥಿಸಿದೆವು. ಓದುಬರಹ ಬಲ್ಲ ನಮ್ಮಲ್ಲಿ ಒಬ್ಬನಾದರೂ ಅವಳ ಸಂಗಡ ಹೋಗಲಿಲ್ಲ. ಇದನ್ನು ನಾಚಿಕೆಯಿಂದ ಒಪ್ಪಿಕೊಳ್ಳುತ್ತೇವೆ. ಕಡೆಗೆ ಶಾಲೆಗೆ ಹೋಗುವ ಮೊಮ್ಮಗನು ಮಾಹಿತಿಯನ್ನು ಕೇಳಿ ಬರೆದುಕೊಟ್ಟನು. ಕಾಣದೆಂದ ಕಾಗದವು ಕಟ್ಟಿನೊಳಗೇ ಸಿಕ್ಕಿತು.

ಆದಕಾರಣ ಇದನ್ನು ತಿಳಿದಿರತಕ್ಕದ್ದು. 2005ರ ಮಾಹಿತಿ ಹಕ್ಕು ಕಾಯಿದೆಯ ಪ್ರಕಾರ ಹತ್ತು ರೂಪಾಯಿ ಶುಲ್ಕದೊಡನೆ ಸರಕಾರದ ದಾಖಲೆಗಳನ್ನು ಕೇಳಬಹುದು. ಬಡತನದ ರೇಖೆಗಿಂತ ಕೆಳಗಿನವರಿಗೆ ಶುಲ್ಕವಿಲ್ಲ. ಯಾತಕ್ಕೆ ಬೇಕೆಂದು ಕಾರಣ ಹೇಳಬೇಕಾಗಿಲ್ಲ. ಬರೆಯಲಾರದವನ ಮಾತನ್ನು ಬರಹಕ್ಕಿಳಿಸಲು ಮಾಹಿತಿ ಅಧಿಕಾರಿಯೇ ಸಹಾಯಮಾಡಬೇಕು. ಸಾಧಾರಣವಾಗಿ ಮೂವತ್ತು ದಿನಗಳೊಳಗೆ ಉತ್ತರ ಬರಬೇಕು. ಬಾರದಿದ್ದರೆ ಮೇಲಿನ ಅಧಿಕಾರಿಗೆ ಮನವಿಮಾಡಬಹುದು. ಪಹಣಿಯ ಪ್ರತಿಯಾದರೋ ಸಿಂಧನೂರು, ಲಿಂಗಸುಗೂರು, ಮಸ್ಕಿಗಳಲ್ಲಿ ಹಣತೆತ್ತು ಕೇಳಿದವರಿಗೆ ದೊರೆಯುತ್ತದೆ.

ಆದರೆ ಸತ್ಯವನ್ನು ಹುಡುಕುವವನು ಸತ್ಯವನ್ನೇ ಬರೆಯಿಸಲಿ. ಲಂಚ ಕೊಟ್ಟು ತಮ್ಮನ ಹೆಸರನ್ನು ಅಳಿಸುವವನು ಯಾವ ಬಾಯಿಂದ ಪ್ರಾರ್ಥಿಸುವನು? ನಮ್ಮ ಸಭೆಯ ದೀಕ್ಷಾಸ್ನಾನ, ವಿವಾಹ, ಮರಣಗಳ ಪುಸ್ತಕವೂ ತಪ್ಪಿಲ್ಲದೆ ಇರಲಿ. ಕೇಳಿದವರಿಗೆ ಅದನ್ನು ತೆರೆದು ತೋರಿಸೋಣ.

ಸಭೆಯಲ್ಲಿ ವಿಚಾರಿಸತಕ್ಕ ಪ್ರಶ್ನೆಗಳು:
1. ಹಿರಿಯರು ಹೆದರದೆ ಉತ್ತರ ಕೊಟ್ಟದ್ದು ಯಾಕೆ?
2. ನಿಮ್ಮ ಹೊಲದ ಪಹಣಿಯಲ್ಲಿ ಯಾರ ಹೆಸರಿದೆ?
3. ಓದಲಾರದ ಯಾವ ನೆರೆಯವನ ಸಂಗಡ ನೀವು ಈ ವಾರ ಕಚೇರಿಗೆ ಹೋಗುವಿರಿ?